ಸ್ವಿಂಡನ್ ರೈಲ್ವೆ ಪಟ್ಟಣ: ಇತಿಹಾಸ ಹುಡುಕುವವರು, ನೆನಪು ಸಂಗ್ರಹಿಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಸ್ವಿಂಡನ್ ಎಲ್ಲಿದೆ? ಅದನ್ನು ರೈಲ್ವೆ ಪಟ್ಟಣ ಅನ್ನುವುದೇಕೆ?

ಲಂಡನ್ನಿನ ಪ್ಯಾಡಿಂಗ್ಟನ್ ನಿಲ್ದಾಣದಿಂದ ಪಶ್ಚಿಮಕ್ಕೆ 77 ಮೈಲಿ ದೂರದಲ್ಲಿ, ವಿಲ್ಟ್‌ಶೈರ್ ಕೌಂಟಿಯಲ್ಲಿದೆ. 1840ಕ್ಕೆ ಮುಂಚೆ ಅದು ಗುಡ್ಡದ ಮೇಲಿನ ಒಂದು ಸಣ್ಣ ಸಂತೆ ಊರು. ಗ್ರೇಟ್ ವೆಸ್ಟರ್ನ್ ರೈಲ್ವೆ ಕಂಪನಿ (ಮುಂದೆ ಜಿಡಬ್ಲ್ಯುಆರ್ ಎಂದು ಬರೆಯುತ್ತೇವೆ) ಗುಡ್ಡದ ಕೆಳಗಿನ ಹೊಲಗಳಲ್ಲಿ ಎಂಜಿನ್ ಕಾರ್ಖಾನೆ ಕಟ್ಟಿತು. 1843ರ ಜನವರಿಯಲ್ಲಿ ಕೆಲಸ ಶುರುವಾಯಿತು. ಮನೆ, ಚರ್ಚು, ಶಾಲೆ, ಗ್ರಂಥಾಲಯ, ವೈದ್ಯರು, ಸ್ನಾನಗೃಹ, ವರ್ಷಕ್ಕೊಂದು ಪ್ರವಾಸ ಎಲ್ಲವೂ ಕಂಪನಿಯದೋ ಕಂಪನಿಯ ನೌಕರರದೋ ಆಗಿದ್ದವು. 1920ರ ದಶಕದಲ್ಲಿ ಕಾರ್ಖಾನೆಯಲ್ಲಿ 14,000ಕ್ಕೂ ಹೆಚ್ಚು ಜನ ದುಡಿಯುತ್ತಿದ್ದರು.

ಹುಡುಕಾಟ ಶುರುಮಾಡುವ ಮೊದಲು ಒಂದು ಮಾತು ಗಟ್ಟಿಯಾಗಿ ಹಿಡಿದುಕೊಳ್ಳಿ. ಕಂಪನಿಯೇ ಊರು ಕಟ್ಟಿದ್ದರಿಂದ ಕಂಪನಿಯ ಕಡತಗಳೇ ಊರಿನ ಇತಿಹಾಸವೂ ಹೌದು, ಆದರೆ ಆ ಕಡತ ಕಂಪನಿಗೆ ಬೇಕಾದದ್ದನ್ನು ಮಾತ್ರ ಬರೆದಿಟ್ಟಿದೆ. ಕೂಲಿ ಎಷ್ಟು, ದಂಡ ಎಷ್ಟು ಅನ್ನುವುದು ಸಿಗುತ್ತದೆ. ಆ ಕೂಲಿಯಲ್ಲಿ ಮನೆ ಹೇಗೆ ನಡೆಯಿತು ಅನ್ನುವುದು ಸಿಗುವುದಿಲ್ಲ. ಅದಕ್ಕೇ ಬಾಯಿಮಾತಿನ ನೆನಪು ಬೇಕು, ಮತ್ತು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು.

ಕಂಪನಿಯ ಮುಖ್ಯ ಎಂಜಿನಿಯರ್ ಬ್ರೂನೆಲ್ ಊಟ ಮಾಡುತ್ತ ಸ್ಯಾಂಡ್‌ವಿಚ್ ಎಸೆದ, ಅದು ಬಿದ್ದ ಜಾಗದಲ್ಲಿ ಕಾರ್ಖಾನೆ ಕಟ್ಟಿದರು ಅನ್ನುತ್ತಾರಲ್ಲ?

ಊರಲ್ಲಿ ಎಲ್ಲರೂ ಹೇಳುವ ಕಥೆ. ಒಬ್ಬರು ಸ್ಯಾಂಡ್‌ವಿಚ್ ಅನ್ನುತ್ತಾರೆ, ಇನ್ನೊಬ್ಬರು ಕಲ್ಲು ಅನ್ನುತ್ತಾರೆ. ಕಥೆಯನ್ನು ಕಥೆಯಾಗಿ ದಾಖಲಿಸಿ, ಕಾರಣವೆಂದು ಬರೆಯಬೇಡಿ. ನಿಜವಾದ ಕಾರಣ 1840ರ ಸೆಪ್ಟೆಂಬರ್ 13ರಂದು ಡೇನಿಯಲ್ ಗೂಚ್ ಬ್ರೂನೆಲ್‌ಗೆ ಬರೆದ ಪತ್ರದಲ್ಲಿದೆ. ಗೂಚ್ ಆಗ ಕಂಪನಿಯ ಎಂಜಿನ್ ವಿಭಾಗದ ಮುಖ್ಯಸ್ಥ, ವಯಸ್ಸು ಬರೀ 24.

ಮೊದಲನೆಯದಾಗಿ, ಚೆಲ್ಟೆನ್‌ಹ್ಯಾಮ್ ಕಡೆಯ ಮಾರ್ಗ ಮುಖ್ಯ ಮಾರ್ಗಕ್ಕೆ ಸೇರುವುದು ಅಲ್ಲಿಯೇ. ಎರಡನೆಯದಾಗಿ, ಹಳಿಯ ಏರಿಳಿತ. ಲಂಡನ್ನಿನಿಂದ ಸ್ವಿಂಡನ್ ತನಕ ಹಳಿ ಹೆಚ್ಚುಕಡಿಮೆ ಸಮತಟ್ಟು. ಅಲ್ಲಿಂದ ಮುಂದೆ ವುಟನ್ ಬ್ಯಾಸೆಟ್ ಹತ್ತಿರ ಮತ್ತು ಬಾಕ್ಸ್ ಸುರಂಗದಲ್ಲಿ 100 ಅಡಿಗೆ ಒಂದು ಅಡಿಯ ಇಳಿಜಾರು. ಸಮತಟ್ಟಿಗೆ ಒಗ್ಗುವ ಎಂಜಿನ್ ಬಿಚ್ಚಿ ಏರಿಗೆ ಒಗ್ಗುವ ಎಂಜಿನ್ ಕಟ್ಟಲು ಒಂದು ತಾಣ ಬೇಕಿತ್ತು. ಮೂರನೆಯದಾಗಿ, ಪಕ್ಕದಲ್ಲೇ ಕಾಲುವೆ ಇದ್ದುದರಿಂದ ಕಲ್ಲಿದ್ದಲು, ಕೋಕ್ ದೋಣಿಯಲ್ಲಿ ಅಗ್ಗವಾಗಿ ಬರುತ್ತಿತ್ತು. ಕೊರತೆ ಇದ್ದದ್ದು ನೀರಿನದು. ಅದು ದಶಕಗಳ ಕಾಲ ಕಾಡಿತು.

ಹಳೇ ಸ್ವಿಂಡನ್, ಹೊಸ ಸ್ವಿಂಡನ್ ಅಂದರೆ ಬೇರೆ ಬೇರೆಯೇ?

1900ರವರೆಗೆ ಬೇರೆಯೇ. ಗುಡ್ಡದ ಮೇಲಿನದು ಓಲ್ಡ್ ಟೌನ್, ರೈಲು ಹಳಿಯ ಸುತ್ತ ಬೆಳೆದದ್ದು ನ್ಯೂ ಸ್ವಿಂಡನ್. 1900ರಲ್ಲಿ ಎರಡೂ ಸೇರಿ ಒಂದೇ ಪುರಸಭೆಯಾಯಿತು. ಅದರ ಮೊದಲ ಮೇಯರ್ ಜಾರ್ಜ್ ಜಾಕ್ಸನ್ ಚರ್ಚ್‌ವರ್ಡ್, ಎರಡು ವರ್ಷದ ಮೇಲೆ ಇಡೀ ಕಂಪನಿಯ ಎಂಜಿನ್ ವಿಭಾಗಕ್ಕೆ ಮುಖ್ಯಸ್ಥನಾದವನು. ಊರಿಗೂ ಕಾರ್ಖಾನೆಗೂ ಎಷ್ಟು ನಂಟಿತ್ತೆಂದು ಇದರಲ್ಲೇ ಗೊತ್ತಾಗುತ್ತದೆ.

ಹುಡುಕುವವರಿಗೆ ಇದರಿಂದ ಬರುವ ತೊಂದರೆ ಇಷ್ಟು: 1900ಕ್ಕೆ ಹಿಂದಿನ ದಾಖಲೆಯಲ್ಲಿ ಬರೀ ‘ಸ್ವಿಂಡನ್’ ಎಂದಿದ್ದರೆ ಯಾವುದು ಅಂತ ಬೀದಿಯ ಹೆಸರು ನೋಡಿಯೇ ತೀರ್ಮಾನಿಸಬೇಕು. ನಾಮಕರಣದ ದಾಖಲೆಗೂ ಹಾಗೆಯೇ. ರೈಲ್ವೆ ಕಾಲೋನಿಯ ಸೇಂಟ್ ಮಾರ್ಕ್ಸ್ ಚರ್ಚ್ ಆದದ್ದು 1845ರಲ್ಲಿ. ಅದಕ್ಕೆ ಮುಂಚೆ ಹುಟ್ಟಿದ ರೈಲ್ವೆ ಮಕ್ಕಳನ್ನು ಗುಡ್ಡದ ಮೇಲಿನ ಹೋಲಿ ರೂಡ್ ಚರ್ಚಿನ ಪುಸ್ತಕದಲ್ಲಿ ಹುಡುಕಿ.

ರೈಲ್ವೆ ವಿಲೇಜ್, ಅಂದರೆ ಆ ರೈಲ್ವೆ ಕಾಲೋನಿ, ನೋಡಲು ಹೋಗಬೇಕು. ಎಲ್ಲಿಂದ ಶುರುಮಾಡಲಿ?

ಲಂಡನ್ನಿನಿಂದ ರೈಲಿನಲ್ಲಿ ಸುಮಾರು ಒಂದು ಗಂಟೆ. ನಿಲ್ದಾಣದಿಂದ ಪಶ್ಚಿಮಕ್ಕೆ ಹತ್ತು ನಿಮಿಷ ನಡೆದರೆ ಎಮ್ಲಿನ್ ಸ್ಕ್ವೇರ್. ಸುಮಾರು 300 ಕಲ್ಲಿನ ಮನೆಗಳು ಇದರ ಎರಡೂ ಪಕ್ಕದಲ್ಲಿ ಸಾಲುಸಾಲಾಗಿ ನಿಂತಿವೆ. ಬೀದಿಗಳಿಗೆ ಕಂಪನಿಯ ರೈಲು ಹೋಗುತ್ತಿದ್ದ ಊರುಗಳ ಹೆಸರು. ಒಂದು ಕಡೆ ಬ್ರಿಸ್ಟಲ್, ಬಾತ್, ಎಕ್ಸೆಟರ್, ಟಾಂಟನ್, ಇನ್ನೊಂದು ಕಡೆ ಲಂಡನ್, ಆಕ್ಸ್‌ಫರ್ಡ್, ರೀಡಿಂಗ್, ಫ್ಯಾರಿಂಗ್‌ಡನ್.

ಮನೆಗಳನ್ನು ಮುಂದಿನಿಂದ ಮಾತ್ರ ನೋಡಿ ಬರಬೇಡಿ. ಹಿಂದಿನ ಓಣಿಗಳಿಗೆ ಊರಿನವರು ‘ಬ್ಯಾಕ್ಸೀಸ್’ ಅನ್ನುತ್ತಾರೆ. ಹಿತ್ತಲು, ಬಟ್ಟೆ ಒಗೆಯುವ ಕೋಣೆ, ಕಕ್ಕಸು ಎಲ್ಲ ಇದ್ದದ್ದು ಆ ಕಡೆ. ಮಕ್ಕಳ ಆಟ, ಹೆಂಗಸರ ಮಾತುಕತೆ ನಡೆದದ್ದೂ ಅಲ್ಲೇ. ಸಾಲಿನ ನಡುವಿನ ಮನೆಗಳು ಚಿಕ್ಕವು, ಕೊನೆಯವು ದೊಡ್ಡವು. ದೊಡ್ಡವು ಮೇಸ್ತ್ರಿಗಳಿಗೆ. ಮನೆಯ ಅಳತೆಯಲ್ಲೇ ಕಾರ್ಖಾನೆಯ ಮೇಲುಕೀಳು ಕಾಣುತ್ತದೆ.

ಅಲ್ಲಿಂದ ಫ್ಯಾರಿಂಗ್‌ಡನ್ ರಸ್ತೆಯ ದೊಡ್ಡ ಕಟ್ಟಡಕ್ಕೆ ಬನ್ನಿ. ಒಂಟಿ ಗಂಡಸರಿಗೆಂದು ಕಟ್ಟಿದ ವಸತಿಗೃಹ ಅದು, ಊರಿನವರ ಬಾಯಲ್ಲಿ ‘ಬ್ಯಾರಕ್ಸ್’. ಅದರ ಕಟ್ಟುನಿಟ್ಟು ಯಾರಿಗೂ ಹಿಡಿಸಲಿಲ್ಲ. 1861ರಲ್ಲಿ ಹಳಿ ತಯಾರಿಸುವ ರೋಲಿಂಗ್ ಮಿಲ್ ಶುರುವಾದಾಗ ವೇಲ್ಸ್‌ನಿಂದ ಬಂದ ಕುಟುಂಬಗಳಿಗೆ ಕೊಟ್ಟರು. 1869ರಲ್ಲಿ ಅದು ಮೆಥಡಿಸ್ಟ್ ಪ್ರಾರ್ಥನಾ ಮಂದಿರವಾಯಿತು, 1962ರಿಂದ ಕೆಲವು ದಶಕ ಮ್ಯೂಸಿಯಂ ಆಗಿತ್ತು. ವೇಲ್ಸ್‌ನವರು ಆಮೇಲೆ ನೆಲೆಸಿದ ಕೇಂಬ್ರಿಯಾ ಪ್ಲೇಸ್ ಹತ್ತಿರದಲ್ಲೇ ಇದೆ. ಕೊನೆಗೆ ಎಮ್ಲಿನ್ ಸ್ಕ್ವೇರ್‌ನ ಉತ್ತರದ ತುದಿಗೆ ಮರಳಿ, ರೈಲು ಹಳಿಯ ಕೆಳಗಿನ ಸುರಂಗ ದಾಟಿ. ಸಾವಿರಾರು ಕಾರ್ಮಿಕರು ದಿನಾ ಬೆಳಗ್ಗೆ ಹೋಗುತ್ತಿದ್ದ ದಾರಿ ಅದೇ. ಆಚೆ ಕಡೆ ಹಳೇ ಕಾರ್ಖಾನೆ. ಈಗ ಅಲ್ಲಿ ಅಂಗಡಿ ಸಂಕೀರ್ಣವೂ 2000ದಲ್ಲಿ ತೆರೆದ ‘ಸ್ಟೀಮ್’ ಮ್ಯೂಸಿಯಮ್ಮೂ ಇವೆ.

ಹಳೇ ವಿಳಾಸದ ಬೀದಿ ಈಗಿನ ನಕ್ಷೆಯಲ್ಲಿ ಸಿಗುತ್ತಿಲ್ಲ.

ಹೆಸರು ಬದಲಾಗಿರುತ್ತದೆ. ಬಾತ್ ಸ್ಟ್ರೀಟ್ ಈಗ ಬಾತ್‌ಹ್ಯಾಂಪ್ಟನ್ ಸ್ಟ್ರೀಟ್. ರೈಲ್ವೆ ಕಾಲೋನಿಯ ಹೈ ಸ್ಟ್ರೀಟ್ ಈಗ ಎಮ್ಲಿನ್ ಸ್ಕ್ವೇರ್. ಓಲ್ಡ್ ಟೌನ್‌ನಲ್ಲೂ ಒಂದು ಹೈ ಸ್ಟ್ರೀಟ್ ಇದೆ, ಅದರ ಜೊತೆ ಗೊಂದಲ ಮಾಡಿಕೊಂಡರೆ ಇಡೀ ಕುಟುಂಬವನ್ನೇ ತಪ್ಪು ಗುಡ್ಡಕ್ಕೆ ಹತ್ತಿಸಿದಂತಾಗುತ್ತದೆ. ಮನೆ ಸಂಖ್ಯೆಯನ್ನು ನಂಬುವ ಮೊದಲು ಜನಗಣತಿಯಲ್ಲಿ ಅಕ್ಕಪಕ್ಕದ ಮನೆಯವರು ಯಾರೆಂದು ನೋಡಿ, ಆ ಕಾಲದ ನಕ್ಷೆಯ ಜೊತೆ ತಾಳೆ ಹಾಕಿ.

ನಮ್ಮ ಸಂಬಂಧಿಯೊಬ್ಬರ ಅಜ್ಜ ಅಲ್ಲಿ ಕೆಲಸ ಮಾಡಿದ್ದರಂತೆ. ದಾಖಲೆ ಹುಡುಕುವುದು ಹೇಗೆ?

ಈ ಕ್ರಮದಲ್ಲಿ ಹೋಗಿ, ಅಡ್ಡದಾರಿ ಹಿಡಿದರೆ ಒಂದೇ ಹೆಸರಿನ ಇನ್ನೊಬ್ಬರನ್ನು ಅಜ್ಜನೆಂದು ತಿಳಿಯುವ ಅಪಾಯವಿದೆ.

1. ಜನಗಣತಿಯಿಂದ ಶುರುಮಾಡಿ, ಹೊಸದರಿಂದ ಹಳೆಯದಕ್ಕೆ. ಇಂಗ್ಲೆಂಡಿನ ಗಣತಿ ಪುಸ್ತಕಗಳು ನೂರು ವರ್ಷದ ಮೇಲೆ ತೆರೆಯುತ್ತವೆ. 1921ರದ್ದು ಎಲ್ಲಕ್ಕಿಂತ ಉಪಯುಕ್ತ, ಏಕೆಂದರೆ ಅದರಲ್ಲಿ ಕಸುಬಿನ ಜೊತೆಗೆ ಕೆಲಸ ಕೊಟ್ಟವರ ಹೆಸರೂ ಕೆಲಸದ ಜಾಗವೂ ಇರುತ್ತದೆ. 1931ರ ಗಣತಿ ಬೆಂಕಿಯಲ್ಲಿ ಹೋಯಿತು, 1941ರಲ್ಲಿ ಯುದ್ಧದಿಂದಾಗಿ ಗಣತಿಯೇ ನಡೆಯಲಿಲ್ಲ. ಆ ಕಾಲಕ್ಕೆ ಯುದ್ಧ ಶುರುವಾದಾಗ ಸರ್ಕಾರ ಮಾಡಿದ ಜನರ ಪಟ್ಟಿ, 1939ರ ರಿಜಿಸ್ಟರ್ ನೋಡಿ.

2. 1841ರ ಗಣತಿ ಬಳಸುವಾಗ ಎಚ್ಚರ. 15 ದಾಟಿದವರ ವಯಸ್ಸನ್ನು ಸಾಮಾನ್ಯವಾಗಿ ಐದರ ಲೆಕ್ಕಕ್ಕೆ ಇಳಿಸಿ ಬರೆದಿದ್ದಾರೆ. 29 ವರ್ಷದವನು 25 ಎಂದು ಕಾಣುತ್ತಾನೆ. ಹುಟ್ಟೂರೂ ಇರುವುದಿಲ್ಲ, ಅದೇ ಕೌಂಟಿಯವನೋ ಅಲ್ಲವೋ ಎಂದಷ್ಟೇ ಇರುತ್ತದೆ. ಹುಟ್ಟೂರು ಬೇಕಾದರೆ 1851ಕ್ಕೆ ಬನ್ನಿ. ಗೂಚ್‌ನಂಥವರು ಈಶಾನ್ಯ ಇಂಗ್ಲೆಂಡಿನಿಂದ ಬಂದವರು. ಮೊದಲ ಪೀಳಿಗೆಯ ಕುಶಲಕರ್ಮಿಗಳಲ್ಲಿ ಬಹಳ ಮಂದಿ ಹಾಗೆ ದೂರದಿಂದಲೇ ಬಂದರು.

3. ಹುಟ್ಟು, ಮದುವೆ, ಸಾವಿನ ಸರ್ಕಾರಿ ನೋಂದಣಿ 1837ರ ಜುಲೈ 1ರಿಂದ ಇದೆ. ಹುಡುಕುವವರು ಹೆಚ್ಚಾಗಿ ಮುಗ್ಗರಿಸುವುದು ಇಲ್ಲಿ. 19ನೇ ಶತಮಾನದ ಬಹುಪಾಲು ಸ್ವಿಂಡನ್ ‘ಹೈವರ್ತ್’ ನೋಂದಣಿ ಜಿಲ್ಲೆಯಲ್ಲಿತ್ತು. ಸೂಚಿಯಲ್ಲಿ ಸ್ವಿಂಡನ್ ಎಂದೇ ಹುಡುಕುತ್ತ ಕೂತರೆ ಏನೂ ಸಿಗದು.

4. ಹೆಸರು, ಹುಟ್ಟಿದ ವರ್ಷ, ಕಸುಬು ಮೂರೂ ಖಚಿತವಾದ ಮೇಲೆ ಲಂಡನ್ನಿನ ಕ್ಯೂ ಪ್ರದೇಶದ ರಾಷ್ಟ್ರೀಯ ಪತ್ರಾಗಾರದ ‘ರೈಲ್ 264’ ಸರಣಿಗೆ ಹೋಗಿ. ಜಿಡಬ್ಲ್ಯುಆರ್ ನೌಕರರ ರಿಜಿಸ್ಟರ್‌ಗಳು ಅಲ್ಲಿವೆ. ಬಹುಭಾಗ ಆನ್‌ಲೈನಿನಲ್ಲೂ ಸಿಗುತ್ತದೆ. ಸೇರಿದ ದಿನ, ವಿಭಾಗ, ಕೂಲಿ ಏರಿಕೆ, ವರ್ಗಾವಣೆ, ಕೆಲವೊಮ್ಮೆ ದಂಡದ ಕಾರಣವೂ ಇರುತ್ತದೆ.

5. ಚಿಪನ್‌ಹ್ಯಾಮ್ ಊರಿನ ವಿಲ್ಟ್‌ಶೈರ್ ಅಂಡ್ ಸ್ವಿಂಡನ್ ಹಿಸ್ಟರಿ ಸೆಂಟರ್, ಸ್ವಿಂಡನ್ ಕೇಂದ್ರ ಗ್ರಂಥಾಲಯದ ಸ್ಥಳೀಯ ಇತಿಹಾಸ ವಿಭಾಗ, ಸ್ಟೀಮ್ ಮ್ಯೂಸಿಯಂನ ಸಂಗ್ರಹ, ಈ ಮೂರನ್ನೂ ಬಿಡಬೇಡಿ. ಹೋಗುವ ಮುನ್ನ ಬರೆದು ಸಮಯ ಗೊತ್ತುಮಾಡಿಕೊಳ್ಳಿ. 1888ರಿಂದ ಬಂದ ಕಂಪನಿಯ ಮಾಸಪತ್ರಿಕೆಯಲ್ಲಿ ನಿವೃತ್ತಿ, ನಿಧನ, ಕ್ರೀಡಾಕೂಟದ ಸುದ್ದಿ, ಎಷ್ಟೋ ಸಲ ಭಾವಚಿತ್ರ ಕೂಡ ಇರುತ್ತದೆ.

ರಿಜಿಸ್ಟರಿನಲ್ಲಿ ಹೆಸರಿಲ್ಲ ಎಂದಾಕ್ಷಣ ಕೆಲಸವನ್ನೇ ಮಾಡಿಲ್ಲ ಅಂದುಕೊಳ್ಳಬೇಡಿ. ಉಳಿದಿರುವ ಪುಸ್ತಕಗಳಲ್ಲಿ ಎಲ್ಲರೂ ಇಲ್ಲ. 1948ರ ರಾಷ್ಟ್ರೀಕರಣದ ನಂತರ ಸೇರಿದವರನ್ನಂತೂ ಜಿಡಬ್ಲ್ಯುಆರ್ ಕಡತದಲ್ಲಿ ಹುಡುಕುವುದೇ ವ್ಯರ್ಥ.

‘ಇನ್‌ಸೈಡ್’ ಇದ್ದರು ಎಂದು ಮನೆಯವರು ಹೇಳುತ್ತಾರೆ. ಜೈಲಿನಲ್ಲಿದ್ದರೇ?

ಅಲ್ಲ. ಸ್ವಿಂಡನ್‌ನಲ್ಲಿ ‘ಇನ್‌ಸೈಡ್’ ಅಂದರೆ ಕಾರ್ಖಾನೆಯ ಒಳಗೆ ಕೆಲಸ. ಧ್ವನಿಮುದ್ರಣ ಬರೆದಿಳಿಸುವಾಗ ಆ ಪದವನ್ನು ಹಾಗೆಯೇ ಇಡಿ, ತಿದ್ದಬೇಡಿ.

ಹಿತ್ತಾಳೆ ಬಿಲ್ಲೆಯೊಂದು ಸಿಕ್ಕಿದೆ, ಮೇಲೆ ಸಂಖ್ಯೆ ಕೊರೆದಿದೆ. ಏನದು?

ಕಾರ್ಮಿಕರ ‘ಚೆಕ್’ ಇರಬೇಕು. ಹಾಜರಿ ಇದರಲ್ಲೇ. ಪ್ರತಿಯೊಬ್ಬನಿಗೂ ಒಂದು ಸಂಖ್ಯೆ, ಬೆಳಗ್ಗೆ ಸಮಯದೊಳಗೆ ಬಿಲ್ಲೆ ಜಾಗಕ್ಕೆ ಬೀಳದಿದ್ದರೆ ಕೂಲಿ ಕಡಿತ. ಬಿಲ್ಲೆಯ ಮೇಲಿನ ಶಾಪ್ (ಕಾರ್ಖಾನೆಯೊಳಗಿನ ಒಂದೊಂದು ಕೆಲಸದ ವಿಭಾಗ) ಗುರುತನ್ನು ಮೊದಲು ನೋಡಿ. ಎಂಜಿನ್ ಕಡೆಯ ಶಾಪ್‌ಗಳಿಗೆ ಅಕ್ಷರ, ಬೋಗಿ ಮತ್ತು ವ್ಯಾಗನ್ ಕಡೆಯವಕ್ಕೆ ಅಂಕಿ. ‘ಎ’ ಎಂಜಿನ್ ಜೋಡಿಸುವ ಶಾಪ್, ‘ವಿ’ ಬಾಯ್ಲರ್, ‘ಕೆ’ ತಾಮ್ರದ ಕೆಲಸ, ‘ಜಿ’ ಯಂತ್ರ ರಿಪೇರಿ, ‘ಜೆ1’ ಕಬ್ಬಿಣದ ಎರಕ. ಶಾಪ್ ಗುರುತಿಲ್ಲದೆ ಬರೀ ಸಂಖ್ಯೆಯಿಂದ ಆಸಾಮಿಯನ್ನು ಹಿಡಿಯಲಾಗದು, ಒಬ್ಬ ಬಿಟ್ಟುಹೋದ ಸಂಖ್ಯೆ ಇನ್ನೊಬ್ಬನಿಗೆ ಹೋಗುತ್ತಿತ್ತು.

ದಯವಿಟ್ಟು ಹುಣಸೆಹಣ್ಣು, ನಿಂಬೆಹುಳಿ ಹಾಕಿ ತಿಕ್ಕಬೇಡಿ. ದೇವರ ಮನೆಯ ಹಿತ್ತಾಳೆಗೆ ಅದು ಸರಿ, ಈ ಬಿಲ್ಲೆಗೆ ಅಲ್ಲ. ಹುಳಿ ಹಿತ್ತಾಳೆಯ ಸತುವನ್ನು ತಿನ್ನುತ್ತದೆ, ಮೇಲ್ಮೈ ಕೆಂಪಾಗುತ್ತದೆ, ಮೊದಲೇ ಸವೆದ ಅಕ್ಷರ ಇನ್ನಷ್ಟು ಅಳಿಸಿಹೋಗುತ್ತದೆ. ಒಣ ಮೆತ್ತನೆ ಬಟ್ಟೆಯಲ್ಲಿ ಒರೆಸಿ ಸಾಕು. ಓದಲು ಬಾರದಿದ್ದರೆ ಕತ್ತಲ ಕೋಣೆಯಲ್ಲಿ ಟಾರ್ಚನ್ನು ಮೇಜಿನ ಮಟ್ಟಕ್ಕೆ, ಪಕ್ಕದಿಂದ ಹಿಡಿದು ಫೋಟೋ ತೆಗೆಯಿರಿ. ಟಾರ್ಚನ್ನು ನಾಲ್ಕೂ ಕಡೆಯಿಂದ ಹಿಡಿದು ನಾಲ್ಕು ಫೋಟೋ ತೆಗೆದರೆ ಅಕ್ಷರದ ನೆರಳು ಒಂದರಲ್ಲಾದರೂ ಮೂಡುತ್ತದೆ.

ಹಳೇ ಫೋಟೋದ ಕಾಲ ಗುರುತಿಸುವುದು ಹೇಗೆ?

ಮೊದಲು ಹಳಿ ನೋಡಿ. ಬ್ರೂನೆಲ್‌ನ ಬ್ರಾಡ್ ಗೇಜ್ 7 ಅಡಿ ಕಾಲು ಅಂಗುಲ, ಅಂದರೆ ನಮ್ಮ 5 ಅಡಿ 6 ಅಂಗುಲದ ಬ್ರಾಡ್ ಗೇಜಿಗಿಂತಲೂ ಅಗಲ. ಎರಡು ಅಗಲದ ರೈಲೂ ಓಡುವಂತೆ ಮೂರು ಹಳಿ ಹಾಕಿದ್ದರೆ, ಅಥವಾ ಬರೀ ಅಗಲದ ಹಳಿ ಕಂಡರೆ, ಫೋಟೋ 1892ರ ಮೇ ತಿಂಗಳಿಗಿಂತ ಹಿಂದಿನದು. ಆ ತಿಂಗಳ 20ರಿಂದ 23ರೊಳಗೆ ಬ್ರಾಡ್ ಗೇಜ್ ಸಂಪೂರ್ಣ ನಿಂತಿತು. ಅಗಲದ ಎಂಜಿನ್, ಬೋಗಿಗಳನ್ನೆಲ್ಲ ಸ್ವಿಂಡನ್‌ಗೆ ತಂದು ಮೈಲಿಗಟ್ಟಲೆ ಹಂಗಾಮಿ ಹಳಿಯಲ್ಲಿ ಸಾಲಾಗಿ ನಿಲ್ಲಿಸಿದರು, ಕೆಲವನ್ನು ಬದಲಿಸಲು, ಉಳಿದವನ್ನು ಒಡೆಯಲು. ಮೀಟರ್ ಗೇಜ್ ಹೋಗಿ ಬ್ರಾಡ್ ಗೇಜ್ ಬಂದದ್ದನ್ನು ಕಂಡ ಕರ್ನಾಟಕದವರಿಗೆ ಆ ಕೆಲಸದ ಗಾತ್ರ ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ಆದದ್ದು ತಿರುಗುಮುರುಗು, ಅಗಲದಿಂದ ಕಿರಿದಕ್ಕೆ.

ಬೀದಿಯಲ್ಲಿ ಟ್ರಾಮ್ ಇದ್ದರೆ 1904ರಿಂದ 1929ರ ನಡುವೆ. ಮಿಲ್ಟನ್ ರಸ್ತೆಯ ಕೆಂಪು ಇಟ್ಟಿಗೆಯ ಸ್ನಾನಗೃಹ ಕಂಡರೆ 1891–92ರ ನಂತರ. ಎಂಜಿನ್ ಮೇಲೆ ಮೂರು ಅಕ್ಷರಗಳನ್ನು ವೃತ್ತದೊಳಗೆ ಹೆಣೆದ ಲಾಂಛನವಿದ್ದರೆ 1934ರ ನಂತರ. ಕೊನೆಯ ಉಗಿ ಎಂಜಿನ್ ‘ಈವ್ನಿಂಗ್ ಸ್ಟಾರ್’, ಸಂಖ್ಯೆ 92220, ಹೊರಬಂದದ್ದು 1960ರ ಮಾರ್ಚಿನಲ್ಲಿ. ಬ್ರಿಟಿಷ್ ರೈಲ್ವೇಸ್‌ಗಾಗಿ ಕಟ್ಟಿದ ಕಟ್ಟಕಡೆಯ ಉಗಿ ಎಂಜಿನ್ ಅದೇ.

ಒಂದು ಸುಳಿವಿನಿಂದ ಇಸವಿ ಬರೆಯಬೇಡಿ. ಎರಡು ಸುಳಿವು ಹೊಂದಬೇಕು. ಎಂಜಿನ್ ಸಂಖ್ಯೆ ಸಿಕ್ಕರೆ ಅದು ಹುಟ್ಟಿದ ವರ್ಷ ತಿಳಿಯುತ್ತದೆ, ಫೋಟೋದ ವರ್ಷ ಅಲ್ಲ. ಒಂದು ಎಂಜಿನ್ ಮೂವತ್ತು ನಲವತ್ತು ವರ್ಷ ಓಡುತ್ತಿತ್ತು.

ಹೂಟರ್, ಟ್ರಿಪ್, ಮಕ್ಕಳ ಜಾತ್ರೆ ಎಂದು ಹಿರಿಯರು ಹೇಳುವುದೇನು?

ಹೂಟರ್ ಅಂದರೆ ಕಾರ್ಖಾನೆಯ ಭೋಂಗಾ. 1867ರಲ್ಲಿ ಬಂತು, ಮೈಲಿಗಟ್ಟಲೆ ಕೇಳುತ್ತಿತ್ತು. ಹತ್ತಿರದ ಲಿಡಿಯಾರ್ಡ್ ಪಾರ್ಕಿನ ಜಮೀನುದಾರ ವೈಕೌಂಟ್ ಬೊಲಿಂಗ್‌ಬ್ರೋಕ್ ನಿದ್ದೆಗೆಡುತ್ತದೆ ಎಂದು ಸರ್ಕಾರದ ತನಕ ದೂರು ಒಯ್ದ. ಊರು ಕಾರ್ಮಿಕರ ಪರ ನಿಂತಿತು, ಹೂಟರ್ ಉಳಿಯಿತು. ಕೊನೆಯ ಸಲ ಕೂಗಿದ್ದು 1986ರ ಮಾರ್ಚಿನಲ್ಲಿ, ಕಾರ್ಖಾನೆ ಮುಚ್ಚಿದಾಗ.

ಟ್ರಿಪ್ ಅಂದರೆ ವರ್ಷಕ್ಕೊಮ್ಮೆ, ಜುಲೈನಲ್ಲಿ ಇಡೀ ಊರು ಸಮುದ್ರತೀರಕ್ಕೆ ಹೋಗುವುದು. 1849ರಲ್ಲಿ ಕಾರ್ಮಿಕರ ಓದು, ಮನರಂಜನೆಯ ಸಂಘವಾದ ಮೆಕ್ಯಾನಿಕ್ಸ್ ಇನ್‌ಸ್ಟಿಟ್ಯೂಷನ್ನಿನ ಸದಸ್ಯರು ಆಕ್ಸ್‌ಫರ್ಡ್‌ಗೆ ಹೋಗಿಬಂದದ್ದು ಆರಂಭ. 20ನೇ ಶತಮಾನದ ಮೊದಲ ದಶಕಕ್ಕೆ 20,000ಕ್ಕೂ ಹೆಚ್ಚು ಜನ ಹೋಗುತ್ತಿದ್ದರು. ಸಾಮಾನ್ಯ ಪ್ಲಾಟ್‌ಫಾರ್ಮಿಗೆ ಅಷ್ಟು ಜನ ಹಿಡಿಸುವುದಿಲ್ಲ, ಹಾಗಾಗಿ ಬೆಳಗಿನ ಜಾವ ಕಾರ್ಖಾನೆಯ ಸೈಡಿಂಗ್‌ಗಳಿಂದಲೇ ವಿಶೇಷ ರೈಲು ಬಿಡುತ್ತಿದ್ದರು. ಪ್ಲಾಟ್‌ಫಾರ್ಮೇ ಇಲ್ಲದ ಕಡೆ ಮರದ ಮೆಟ್ಟಿಲಿಟ್ಟು ಹತ್ತಿಸುತ್ತಿದ್ದರು. ವೇಮತ್ ಊರಿಗೆ ಎಷ್ಟು ಜನ ಹೋಗುತ್ತಿದ್ದರೆಂದರೆ ಅದಕ್ಕೆ ‘ಸಮುದ್ರದಂಡೆಯ ಸ್ವಿಂಡನ್’ ಎಂದೇ ಹೆಸರು ಬಿತ್ತು.

ಪ್ರಯಾಣ ಪುಕ್ಕಟೆ, ರಜೆಗೆ ಸಂಬಳ ಮಾತ್ರ 1938ರ ತನಕ ಇರಲಿಲ್ಲ. ಟ್ರಿಪ್ ನೆನಪು ಕೇಳುವಾಗ ಸಮುದ್ರದ ಬಗ್ಗೆ ಕೇಳಿದ ಮೇಲೆ, ವಾಪಸ್ ಬಂದ ವಾರ ಅಂಗಡಿಯಲ್ಲಿ ಸಾಲ ಹೇಳಿದ್ದರೇ, ಮೊದಲೇ ಹಣ ಕೂಡಿಟ್ಟಿದ್ದರೇ, ಹೋಗದೆ ಮನೆಯಲ್ಲೇ ಉಳಿದವರು ಯಾರು ಎಂದೂ ಕೇಳಿ. ಪುಸ್ತಕಗಳಲ್ಲಿ ಸಿಗದ ಉತ್ತರ ಅಲ್ಲಿದೆ. ಮಕ್ಕಳ ಜಾತ್ರೆ ನಡೆಯುತ್ತಿದ್ದದ್ದು ಫ್ಯಾರಿಂಗ್‌ಡನ್ ರಸ್ತೆಯ ಪಾರ್ಕಿನಲ್ಲಿ. ಪ್ರತಿ ಮಗುವಿಗೂ ಹಣ್ಣಿನ ಕೇಕಿನ ದೊಡ್ಡ ತುಂಡು, ಚಹಾ, ಆಟದ ಸವಾರಿ.

ಬ್ರಿಟನ್ನಿನ ಉಚಿತ ಆರೋಗ್ಯ ಸೇವೆ ಇಲ್ಲಿಂದಲೇ ಶುರುವಾಯಿತೇ?

ಅಷ್ಟು ನೇರವಾಗಿ ಹೇಳುವುದು ತಪ್ಪು. ಆದರೆ ಅದಕ್ಕೆ ನೂರು ವರ್ಷ ಮೊದಲೇ, 1847ರಲ್ಲಿ, ಇಲ್ಲಿ ಮೆಡಿಕಲ್ ಫಂಡ್ ಸೊಸೈಟಿ ಇತ್ತು. ವಾರದ ಕೂಲಿಯಲ್ಲಿ ಒಂದಿಷ್ಟು ಹಿಡಿಯುತ್ತಿದ್ದರು. ಅದಕ್ಕೆ ಬದಲಾಗಿ ಕಾರ್ಮಿಕನಿಗೂ ಮನೆಯವರಿಗೂ ವೈದ್ಯ, ಔಷಧ ಸಿಗುತ್ತಿತ್ತು. 1871–72ರಲ್ಲಿ ಸಣ್ಣ ಆಸ್ಪತ್ರೆ, 1890ರ ದಶಕದ ಹೊತ್ತಿಗೆ ಔಷಧಾಲಯ, ಈಜುಕೊಳ, ಟರ್ಕಿಶ್ ಸ್ನಾನ ಎಲ್ಲ ಆದವು. ರಾಷ್ಟ್ರೀಯ ಆರೋಗ್ಯ ಸೇವೆ ರೂಪಿಸಿದವರ ಕಣ್ಣೆದುರು ಇದ್ದ ಮಾದರಿಗಳಲ್ಲಿ ಇದೂ ಒಂದು. ಕಂಪನಿಯ ಔದಾರ್ಯ ಎಂದಷ್ಟೇ ಬರೆಯುವವರಿದ್ದಾರೆ. ಹಣ ಹಾಕಿದ್ದು ಕಾರ್ಮಿಕರು, ಅದನ್ನು ಮರೆಯಬಾರದು.

ಭಾರತಕ್ಕೂ ಈ ಊರಿಗೂ ಏನಾದರೂ ನಂಟಿದೆಯೇ?

ಆಲ್‌ಫ್ರೆಡ್ ವಿಲಿಯಮ್ಸ್ ಒಬ್ಬರನ್ನು ಹೇಳಲೇಬೇಕು. ಹತ್ತಿರದ ಸೌತ್ ಮಾರ್ಸ್ಟನ್ ಹಳ್ಳಿಯವರು, 1892ರಿಂದ 1914ರ ತನಕ ಕಾರ್ಖಾನೆಯಲ್ಲಿ ಉಗಿ ಸುತ್ತಿಗೆಯ ಕೆಲಸ. ಒಳಗಿನ ಕಾವು, ಹೊಗೆ, ಮೇಸ್ತ್ರಿಗಳ ದರ್ಪವನ್ನು ನೇರವಾಗಿ ಬರೆದು 1915ರಲ್ಲಿ ಪ್ರಕಟಿಸಿದರು. ಮೊದಲ ಮಹಾಯುದ್ಧದಲ್ಲಿ ಸೈನಿಕರಾಗಿ ಭಾರತಕ್ಕೆ ಬಂದರು, ಊರಿಗೆ ಮರಳಿದ ಮೇಲೆ ಸಂಸ್ಕೃತ ಕಲಿತು ಪಂಚತಂತ್ರದ ಕಥೆಗಳನ್ನು ಇಂಗ್ಲಿಷಿಗೆ ತಂದರು. ಸಾವಿರ ವರ್ಷದ ಹಿಂದೆ ದುರ್ಗಸಿಂಹ ಕನ್ನಡಕ್ಕೆ ತಂದ ಅದೇ ಕಥೆಗಳು. 1930ರಲ್ಲಿ ತೀರಿಕೊಂಡರು.

ಅಲ್ಲಿ ದುಡಿದವರ ನೆನಪು ಧ್ವನಿಮುದ್ರಿಸಬೇಕು. ಏನೇನು ಗಮನಿಸಬೇಕು?

ತಡ ಮಾಡಬೇಡಿ. 1960ರಲ್ಲಿ ಹದಿನೈದರ ಹರೆಯದಲ್ಲಿ ಸೇರಿದವರಿಗೆ ಈಗ ಎಂಬತ್ತು. ಉಗಿ ಎಂಜಿನ್ ಕೆಲಸ ಕಂಡವರನ್ನು ಮೊದಲು ಮಾತಾಡಿಸಿ, ಡೀಸೆಲ್ ಕಾಲದವರನ್ನು ಆಮೇಲೆ.

ಬಾಯ್ಲರ್ ಶಾಪ್‌ನಲ್ಲಿ ರಿವೆಟ್ ಹೊಡೆದವರಿಗೆ ಕಿವಿ ಮಂದವಾಗಿರುವುದೇ ಹೆಚ್ಚು. ಎದುರಿಗೆ, ಬೆಳಕು ನಿಮ್ಮ ಮುಖದ ಮೇಲೆ ಬೀಳುವಂತೆ ಕೂತುಕೊಳ್ಳಿ. ಯಾವ ಕಿವಿ ಚೆನ್ನಾಗಿದೆ ಎಂದು ಕೇಳಿ ಆ ಕಡೆಗೆ ಸರಿಯಿರಿ. ಗೋಡೆ ಗಡಿಯಾರ, ಫ್ರಿಜ್, ಟೀವಿ ಶಬ್ದ ಕೊಠಡಿಯಲ್ಲಿ ಬೇಡ. ಮೈಕು ಮಾತಾಡುವವರ ಎದೆಯ ಮಟ್ಟದಲ್ಲಿ, ಬಾಯಿಂದ ಒಂದು ಗೇಣು ದೂರ. ಡಬ್ಲ್ಯುಎವಿ ರೂಪದಲ್ಲಿ, 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ಮುದ್ರಿಸಿ. ಪಕ್ಕದಲ್ಲಿ ಫೋನಿನಲ್ಲೂ ಒಂದು ಪ್ರತಿ ಓಡಲಿ. ಒಂದೂವರೆ ಗಂಟೆ ಮೀರಿಸಬೇಡಿ.

‘ಆ ಕಾಲ ಚೆನ್ನಾಗಿತ್ತೇ’ ಎಂದರೆ ‘ಹೌದು’ ಎಂದು ಮುಗಿಯುತ್ತದೆ. ‘ಮನೆ ಬಾಗಿಲಿನಿಂದ ನಿಮ್ಮ ಬೆಂಚಿನ ತನಕ ಯಾವ ದಾರಿ?’ ಎಂದು ಶುರುಮಾಡಿ. ಬೀದಿ, ಸುರಂಗ, ಚೆಕ್, ಮೇಸ್ತ್ರಿ, ಪಕ್ಕದ ಬೆಂಚಿನವನು, ಚಹಾದ ಡಬ್ಬಿ, ಒಂದೊಂದಾಗಿ ಬರುತ್ತದೆ. ಇಸವಿಗಾಗಿ ಒತ್ತಾಯಿಸಬೇಡಿ. ಮದುವೆಗೆ ಮುಂಚೆಯೋ ನಂತರವೋ ಎಂದು ಕೇಳಿ, ಲೆಕ್ಕ ನೀವು ಹಾಕಿ. ಹೆಂಗಸರನ್ನು ಬೇರೆಯಾಗಿ ಕೂರಿಸಿ ಮಾತಾಡಿಸಿ. 1870ರ ದಶಕದಿಂದಲೂ ಬೋಗಿಯ ಗಾದಿ ಹೊಲಿಯುವ ಕೆಲಸದಲ್ಲಿ ಹೆಂಗಸರಿದ್ದರು, ಆದರೂ ಗಂಡ ಪಕ್ಕದಲ್ಲಿದ್ದರೆ ಮಾತು ಅವನದೇ ಆಗುತ್ತದೆ.

ಕಲ್ನಾರಿನ (ಆಸ್ಬೆಸ್ಟಾಸ್) ವಿಷಯ ಬಂದಾಗ ಮೆಲ್ಲಗೆ ಹೋಗಿ. ಬಾಯ್ಲರ್ ಹೊದಿಕೆ, ಬೋಗಿಯ ಗೋಡೆಗಳಲ್ಲಿ ಅದನ್ನು ಬಳಸುತ್ತಿದ್ದರು, ಅದರ ಧೂಳಿನಿಂದ ಎಷ್ಟೋ ವರ್ಷದ ಮೇಲೆ ಶ್ವಾಸಕೋಶದ ಕ್ಯಾನ್ಸರ್ ಬಂದು ತೀರಿಕೊಂಡವರಿದ್ದಾರೆ. ಮೆಷಿನ್ ನಿಲ್ಲಿಸಲೇ ಎಂದು ಕೇಳುವುದು ನಿಮ್ಮ ಜವಾಬ್ದಾರಿ.

ಅನುಮತಿ ಪತ್ರ ಬೇಕೇ? ಮುದ್ರಿಸಿದ್ದನ್ನು ಎಲ್ಲಿ ಇಡುವುದು?

ಬೇಕೇ ಬೇಕು, ಬರಹದಲ್ಲಿ. ಬ್ರಿಟನ್ನಿನ ಕಾನೂನಿನ ಪ್ರಕಾರ ಧ್ವನಿಮುದ್ರಣದ ಹಕ್ಕು ಮುದ್ರಿಸಿದವರದು, ಆಡಿದ ಮಾತಿನ ಹಕ್ಕು ಆಡಿದವರದು. ಮಾತಾಡಿದವರು ಆ ಹಕ್ಕನ್ನು ಬಿಟ್ಟುಕೊಡದೆ ಅಥವಾ ಅನುಮತಿ ಕೊಡದೆ ಯಾವ ಸಂಗ್ರಹಾಲಯವೂ ಅದನ್ನು ಜನರಿಗೆ ಕೇಳಿಸಲಾರದು. ಪತ್ರದಲ್ಲಿ ನಾಲ್ಕು ವಿಷಯ ಇರಲಿ: ಯಾರಿಗೆ ಕೊಡುತ್ತೀರಿ, ಹೆಸರು ಹಾಕಬಹುದೇ, ಇಂಟರ್ನೆಟ್ಟಿನಲ್ಲಿ ಹಾಕಬಹುದೇ, ಯಾವ ಭಾಗವನ್ನು ಎಷ್ಟು ವರ್ಷ ಮುಚ್ಚಿಡಬೇಕು. ಬದುಕಿರುವ ಮೂರನೆಯವರ ಕಾಯಿಲೆ, ಜಗಳ, ಸಾಲದ ಮಾತು ಬಂದಿದ್ದರೆ ಆ ಭಾಗ ಮುಚ್ಚಿಡಿ.

ಕಡತದ ಹೆಸರಿನಲ್ಲಿ ದಿನಾಂಕ, ಶಾಪ್, ಕಸುಬು ಬರೆಯಿರಿ. ಮೂರು ಪ್ರತಿ ಮಾಡಿ, ಒಂದು ಬೇರೆ ಮನೆಯಲ್ಲಿರಲಿ. ಮಾತಾಡಿದವರಿಗೆ ಒಂದು ಪ್ರತಿ ಕೊಡುವುದನ್ನು ಮರೆಯಬೇಡಿ. ಸ್ಥಳೀಯ ಇತಿಹಾಸ ವಿಭಾಗಕ್ಕೆ ಕೊಡುವಾಗ ಒಂದು ಪುಟದ ಸಾರಾಂಶ ಜೊತೆಗಿಡಿ, ಐದೈದು ನಿಮಿಷಕ್ಕೊಮ್ಮೆ ಯಾವ ವಿಷಯ ಬಂತು ಎಂದು ಗುರುತು ಹಾಕಿ. ಆ ಪಟ್ಟಿ ಇಲ್ಲದ ಧ್ವನಿಮುದ್ರಣವನ್ನು ಮುಂದೆ ಬರುವ ಸಂಶೋಧಕರು ಪೂರ್ತಿ ಕೇಳುವ ಸಂಭವ ತೀರಾ ಕಡಿಮೆ.